ಸುಮ್ಮನಿರು ಎನ್ನುವ ಕೋಶಗಳು

ಮಾರ್ಚ್ 3, ಸೋಮವಾರ

ಬೈಯುವುದಕ್ಕೆ ಮನೆಯಲ್ಲಿ ಜಾಗವಿಲ್ಲದ್ದರಿಂದ ಇನ್ನು ಮೇಲೆ ಇಲ್ಲಿ ಬೈಯುತ್ತೇನೆ. ನನ್ನ ಎರಡು ಕೋಣೆಯ ಮನೆಗೆ ಇವತ್ತು ಅತ್ತಿಗೆ ಬಂದಿಳಿದಿದ್ದಾರೆ. ಜೊತೆಗೆ ಏಳು ತಿಂಗಳ ಮಗು, ಮೂಟೆಯಂಥ ಚೀಲಗಳು, ಒಂದು ನೀಲಿ ಪ್ಲಾಸ್ಟಿಕ್ ಟಬ್ಬು. ಲಿಫ್ಟ್ ಕೆಟ್ಟಿದೆ. ಟಬ್ಬನ್ನು ತಲೆಯ ಮೇಲೆ ಕವುಚಿಕೊಂಡು ಮೂರನೆಯ ಮಹಡಿ ಹತ್ತಿದವಳು ನಾನು. ಎದುರುಮನೆಯವರು ನೋಡಿ ನಕ್ಕರು. ನಗಲಿ, ಅವರಿಗೂ ಒಬ್ಬ ಅಣ್ಣ ಹುಟ್ಟಲಿ.

ಅಣ್ಣ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆ. ನಡುಸಮುದ್ರದಿಂದ ಫೋನ್ ಮಾಡಿ, "ಸ್ವಲ್ಪ ದಿನ ಅಷ್ಟೇ ಕಣೇ. ದೊಡ್ಡಾಸ್ಪತ್ರೆ ನಿನ್ನ ಮನೆ ಹತ್ರಾನೇ ಇದೆ. ನೀನಂತೂ ಮಿದುಳು ಓದಿದವಳು" ಎಂದ. ಓದಿದ್ದು ನಿಜ. ಇಲಿಯ ಮಿದುಳು.

ಮಗುವಿಗೆ ಫಿಟ್ಸ್. ಹೋದ ತಿಂಗಳು ಬಿಸಿನೀರಿನ ಸ್ನಾನ ಮಾಡಿಸುವಾಗ ಎಡಗೈ, ಎಡಗಾಲು ಅದುರತೊಡಗಿ ನಿಲ್ಲಲೇ ಇಲ್ಲವಂತೆ. ಆಮೇಲೆ ಸಣ್ಣ ಜ್ವರಕ್ಕೊಮ್ಮೆ, ಏನೂ ಕಾರಣವಿಲ್ಲದೆ ಒಮ್ಮೆ. ಉಳಿದ ಹೊತ್ತಿನಲ್ಲಿ ಅದು ಕಾರ್ಖಾನೆಯ ಪಾಳಿ ಬದಲಾದ ಹಾಗೆ ಕೂಗುತ್ತದೆ. ಸೈರನ್ ಎಂದು ಹೆಸರಿಟ್ಟಿದ್ದೇನೆ.

ನನಗೂ ಅತ್ತಿಗೆಗೂ ಜಗಳವೇನಿಲ್ಲ. ಜಗಳಕ್ಕೆ ಎದುರಿನವರು ಬಾಯಿ ಬಿಡಬೇಕು. ಅವರು ಮಾತಾಡಿದರೆ ಮುತ್ತು ಉದುರೀತು ಎನ್ನುವ ಪೈಕಿ, ಮಹಾಮೌನಿ. ಮದುವೆಯಾಗಿ ಬಂದಾಗಿನಿಂದ ಅವರು ನನಗೆ 'ನೀವು' ಎನ್ನುತ್ತಾರೆ, ನಾನು ಅವರಿಗೆ 'ನೀವು' ಎನ್ನುತ್ತೇನೆ, ಬ್ಯಾಂಕಿನ ಕೌಂಟರಿನ ಆಚೆ ಈಚೆ ನಿಂತವರ ಹಾಗೆ. ಈಗ ಕೌಂಟರನ್ನು ನನ್ನ ಅಡುಗೆಮನೆಯಲ್ಲೇ ಹಾಕಿದಂತಾಗಿದೆ.

ಮಾರ್ಚ್ 4, ಮಂಗಳವಾರ

ಮಹಾಮೌನಿ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದರು. "ಲ್ಯಾಬಲ್ಲಿ ನೀವು ಏನ್ ಮಾಡ್ತೀರಿ?"

"ಹೀರ್ತೀನಿ" ಎಂದೆ.

ಸುಳ್ಳಲ್ಲ. ಇಲಿಯ ಮಿದುಳಿನ ತೆಳ್ಳನೆಯ ಹೋಳೊಂದನ್ನು ಉಪ್ಪುನೀರಿನಲ್ಲಿ ಜೀವಂತ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಒಂದು ನರಕೋಶ ಹುಡುಕಿ, ಕಣ್ಣಿಗೆ ಕಾಣದಷ್ಟು ಸಣ್ಣ ತುದಿಯ ಗಾಜಿನ ಸೂಜಿಯನ್ನು ಅದರ ಮೈಗೆ ತಾಗಿಸುತ್ತೇನೆ. ಸೂಜಿಯ ಹಿಂದೆ ಪ್ಲಾಸ್ಟಿಕ್ ನಳಿಕೆ. ನಳಿಕೆಯ ಇನ್ನೊಂದು ತುದಿ ನನ್ನ ಬಾಯಲ್ಲಿ. ಹಿತವಾಗಿ ಹೀರಿದರೆ ಕೋಶದ ಪೊರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಸೀಲ್ ಎನ್ನುತ್ತೇವೆ. ಆಮೇಲೆ ಆ ಕೋಶ ಆಡುವ ವಿದ್ಯುತ್ತಿನ ಮಾತೆಲ್ಲ ಪರದೆಯ ಮೇಲೆ ಬರುತ್ತದೆ. ಜೋರಾಗಿ ಹೀರಿದರೆ ಕೋಶ ಸತ್ತಿತು. ಸುತ್ತಲೂ ಆನೆಯಂಥ ಯಂತ್ರಗಳಿದ್ದರೂ ಈ ಒಂದು ಕೆಲಸಕ್ಕೆ ಮನುಷ್ಯರ ತುಟಿಯೇ ಆಗಬೇಕು. ಹೀಗೆ ಹೀರುವುದಕ್ಕೆ ನನಗೆ ಡಾಕ್ಟರೇಟ್ ಕೊಟ್ಟಿದ್ದಾರೆ. ಸೈರನ್ ಅದೇ ವಿದ್ಯೆಯನ್ನು ಹುಟ್ಟುತ್ತಲೇ ಕಲಿತು ಬಂದಿದೆ.

ನಮ್ಮ ಲ್ಯಾಬಿನ ವ್ರತ ಒಂದೇ. ಮಿದುಳಿನ ದೊಡ್ಡ ತ್ರಿಕೋನದ ಕೋಶಗಳನ್ನು ಮಾತ್ರ ಹಿಡಿಯಬೇಕು. ಅವುಗಳ ನಡುವೆ ಸಣ್ಣ ದುಂಡನೆಯವೂ ಇರುತ್ತವೆ, ಸಿಕ್ಕಿದರೆ ಸೂಜಿ ಸಮೇತ ಕಸಕ್ಕೆ. ಬಾಸ್ ಹೇಳುವುದು: "ಸಣ್ಣದು ಗಲಾಟೆ. ಗಲಾಟೇನ ಲೆಕ್ಕಕ್ಕೆ ತಗೋಬಾರ್ದು." ಅವರನ್ನು ನಾನು ಹಿಂದಿನಿಂದ ತ್ರಿಕೋನಾಚಾರ್ಯ ಎನ್ನುತ್ತೇನೆ, ಮುಂದಿನಿಂದ ಸರ್ ಎನ್ನುತ್ತೇನೆ.

ಮಾರ್ಚ್ 6, ಗುರುವಾರ

ಆಸ್ಪತ್ರೆ. ಮಕ್ಕಳ ನರರೋಗದ ಡಾಕ್ಟರು ಐವತ್ತು ದಾಟಿದ ಹೆಂಗಸು. ಕಿರುಗುಟ್ಟುವ ಚಪ್ಪಲಿ, ಕಿಸೆಯಲ್ಲಿ ಗಿಲಕಿ. ಮಗುವಿನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ವರದಿ ಬರಲು ವಾರಗಳೇ ಬೇಕಂತೆ. ಅಲ್ಲಿಯವರೆಗೆ ಒಂದು ಸಿರಪ್.

ಸೀಸೆಯ ಮೇಲಿನ ಹೆಸರು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಔಷಧಿ! ನಾಲ್ಕು ವರ್ಷದಿಂದ ತ್ರಿಕೋನಗಳ ಮೇಲೆ ನಾನು ಸುರಿಯುತ್ತಿರುವುದು ಇದನ್ನೇ.

ದಾರಿಯಲ್ಲಿ ಅತ್ತಿಗೆಗೆ ಧೈರ್ಯ ಹೇಳಿದೆ. "ಹೆದರ್ಬೇಡಿ. ನಾನು ದಿನಾ ಇಲಿಗೆ ಕೊಡೋದು ಇದನ್ನೇ."

ಅವರು ಸೀಸೆಯನ್ನು ನೋಡಿದರು, ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಒಳ್ಳೆಯದಕ್ಕೆ ಕಾಲವಿಲ್ಲ.

ಮಾರ್ಚ್ 11, ಮಂಗಳವಾರ

ಸಂಜೆ ಅತ್ತಿಗೆ ಹಾಲಿನ ಬಾಟಲಿ ಕುದಿಸುತ್ತ, "ಈ ಔಷಧಿ ಒಳಗೆ ಹೋಗಿ ಏನ್ ಮಾಡುತ್ತೆ?" ಎಂದರು. ಕೇಳಬಾರದಿತ್ತು. ನಾನು ಶುರು ಮಾಡಿದರೆ ನಿಲ್ಲುವ ಪೈಕಿಯಲ್ಲ.

ನರಕೋಶದ ಗೋಡೆಯ ತುಂಬ ಬಾಗಿಲುಗಳು, ಹೊರಗೆ ಉಪ್ಪಿನಲ್ಲಿರುವ ಸೋಡಿಯಂ ನುಗ್ಗಲು ಕಾದು ನಿಂತಿದೆ ಎಂದೆ. ಗೋಡೆಯ ವಿದ್ಯುತ್ತು ಚೂರು ಬದಲಾದರೆ ಒಂದು ಬಾಗಿಲು ಫಟ್ಟನೆ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ನುಗ್ಗಿದ ಸೋಡಿಯಂ ಪಕ್ಕದ ಬಾಗಿಲನ್ನು ತೆರೆಸುತ್ತದೆ, ಅದು ಅದರಾಚೆಯದನ್ನು. ಸುದ್ದಿ ಹೀಗೆ ಕೋಶದ ಉದ್ದಕ್ಕೂ ಓಡುತ್ತದೆ. ತುದಿ ತಲುಪಿದಾಗ ಮುಂದಿನ ಕೋಶಕ್ಕೆ ನೆಗೆಯಲು ಆಗದು, ನಡುವೆ ಸಂದು. ಆಗ ಒಂದು ರಾಸಾಯನಿಕವನ್ನು ಸಂದಿಗೆ ಚೆಲ್ಲುತ್ತದೆ. ಆಚೆ ಗೋಡೆಯಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಇರುತ್ತದೆ. (ಪುಸ್ತಕದ ಮಾತು ಗ್ರಾಹಕ. ಕೇಳಿದಾಗಲೆಲ್ಲ ನನಗೆ ಅಂಗಡಿಯಲ್ಲಿ ಚೌಕಾಸಿ ಮಾಡುವವರೇ ಕಣ್ಣಿಗೆ ಬರುತ್ತಾರೆ.) ರಾಸಾಯನಿಕ ಬಂದು ಕೂತಾಗ ಗ್ರಾಹಕ ಅಲ್ಲಿನ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮತ್ತೆ ಓಟ. ಫಿಟ್ಸ್ ಬಂದಾಗ ಎಲ್ಲ ಕೋಶಗಳೂ ಒಟ್ಟಿಗೆ ಕೂಗುತ್ತವೆ. ನಮ್ಮ ಔಷಧಿ ಸೋಡಿಯಂ ಬಾಗಿಲಿಗೆ ಅಗುಳಿ ಹಾಕುತ್ತದೆ. ಕಥೆ ಮುಗಿಯಿತು.

ಅತ್ತಿಗೆ ಬಾಟಲಿ ಕವುಚಿಟ್ಟು, "ಬರೀ ಕೂಗೋರೇ ಇದ್ರೆ ಹೇಗೆ? ಸುಮ್ನಿರು ಅನ್ನೋರು ಯಾರೂ ಇಲ್ವಾ?" ಎಂದರು.

"ಇದಾರೆ. ಸಣ್ಣ ಸಣ್ಣ ಕೋಶಗಳು. ಅವು ಬೇರೆ ರಾಸಾಯನಿಕ ಚೆಲ್ತವೆ. ಅದು ಕೂತ್ರೆ ಪಕ್ಕದ ಕೋಶ ತೆಪ್ಪಗಾಗುತ್ತೆ. ನಾವು ಅವನ್ನ ನೋಡಲ್ಲ."

"ಯಾಕೆ?"

"ಗಲಾಟೆ."

"ಸುಮ್ನಿರು ಅನ್ನೋರೇ ಗಲಾಟೇನಾ?" ಎಂದು ಸೈರನ್ನನ್ನು ಎತ್ತಿಕೊಂಡು ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದೆನೋ, ಕಿನ್ನರಿಯ ಮುಂದೆ ಕೋಣ ನಿಂತಿತ್ತೋ ಗೊತ್ತಾಗಲಿಲ್ಲ.

ಮಾರ್ಚ್ 14, ಶುಕ್ರವಾರ

ಮತ್ತೆ ಆಸ್ಪತ್ರೆ. ಡಾಕ್ಟರು ಗಿಲಕಿ ಆಡಿಸುತ್ತ, "ಸಿರಪ್ ಶುರು ಮಾಡಿದ್ಮೇಲೆ ಫಿಟ್ಸ್ ಜಾಸ್ತಿ ಏನಾದ್ರೂ ಆಯ್ತಾ?" ಎಂದು ಕೇಳಿದರು. ಅತ್ತಿಗೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುವಷ್ಟರಲ್ಲಿ ಆಸ್ಪತ್ರೆಯೇ ಮುಚ್ಚಿಹೋದೀತು ಎನ್ನಿಸಿ, "ಇಲ್ಲ ಡಾಕ್ಟ್ರೇ, ಹಾಗೇ ಇದೆ. ಸ್ವಲ್ಪ ಕಡಿಮೇನೇ ಅನ್ಬಹುದು" ಎಂದೆ ನಾನು.

ಅತ್ತಿಗೆ, "ಮಧ್ಯಾಹ್ನ ಸಿರಪ್ ಕುಡಿದ ಮೇಲೆ ಕಣ್ಣು..." ಎಂದರು.

"ತಾಯಿ ಅಲ್ವಾ, ರೆಪ್ಪೆ ಹೊಡೆದ್ರೂ ಫಿಟ್ಸ್ ಅನ್ಸುತ್ತೆ. ಕಡ್ಡೀನ ಗುಡ್ಡ ಮಾಡ್ತಾರೆ" ಎಂದು ನಕ್ಕೆ. ಡಾಕ್ಟರು ನಗಲಿಲ್ಲ. ನಾನೂ ಡಾಕ್ಟರೇಟ್ ಪಡೆದವಳು, ಸೋಡಿಯಂ ಚಾನೆಲ್ (ಅವೇ ಬಾಗಿಲುಗಳು) ನನ್ನ ಕ್ಷೇತ್ರ ಎಂದು ತಿಳಿಸಿದೆ. ಆಗ ತಲೆಯಾಡಿಸಿ ಸಿರಪ್ಪಿನ ಪ್ರಮಾಣ ಹೆಚ್ಚಿಸಿ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಮಹಾಮೌನಿಯ ಮೌನಕ್ಕೆ ಇನ್ನೊಂದು ಪದರ. ಉಪಕಾರ ಮಾಡಿದವರನ್ನು ಯಾರು ನೆನೆಯುತ್ತಾರೆ.

ಮಾರ್ಚ್ 17, ಸೋಮವಾರ

ದರಿದ್ರ ದಿನ. ಸೈರನ್ ಬೆಳಗಿನ ಜಾವದಿಂದಲೇ ಪಾಳಿ ಶುರು ಮಾಡಿತ್ತು. ಲ್ಯಾಬಿನಲ್ಲಿ ನಿದ್ದೆಗಣ್ಣಿನಲ್ಲಿ ತ್ರಿಕೋನ ಬಿಟ್ಟು ಸಣ್ಣದೊಂದನ್ನು ಹಿಡಿದೆ. ಹೋಳಿನ ಮೇಲೆ ಔಷಧಿ ಆಗಲೇ ಹರಿಯುತ್ತಿತ್ತು. ಕೋಶ ಚಿಟಿಚಿಟಿಚಿಟಿ ಎಂದು ಮಾತು ಶುರು ಮಾಡಿ, ತೊದಲಿ, ನಿಂತೇಹೋಯಿತು. ಇನ್ನೊಂದು ಸೂಜಿಯಲ್ಲಿದ್ದ ಪಕ್ಕದ ತ್ರಿಕೋನ ಅದೇ ಔಷಧಿಯಲ್ಲಿ ತನ್ನ ಪಾಡಿಗೆ ನಿಧಾನವಾಗಿ ಮಾತಾಡುತ್ತಲೇ ಇತ್ತು.

ಬಾಸ್ ಹಿಂದೆ ನಿಂತು ಇಣುಕಿದರು. "ಸೀಲ್ ಕೆಟ್ಟಿದೆ. ಬಿಸಾಕು."

ಬಿಸಾಕಿದೆ. ಇನ್ನೊಂದು ಸಣ್ಣದು ಸಿಕ್ಕಿತು. ಅದೂ ತೊದಲಿ ನಿಂತಿತು. ಅದನ್ನೂ ಬಿಸಾಕಿದೆ. ನನ್ನ ತುಟಿಯ ಯೋಗ್ಯತೆಯೇ ಇಳಿದಿದೆ ಎಂದುಕೊಂಡೆ.

ಮಾರ್ಚ್ 19, ಬುಧವಾರ

ತಲೆನೋವೆಂದು ಮಧ್ಯಾಹ್ನ ಮನೆಗೆ ಬಂದೆ. ಅತ್ತಿಗೆ ಕೆಳಗೆ ಸೋಪು ತರಲು ಹೋದರು. ಸಿರಪ್ ಕುಡಿಸಿ ಆಗಿತ್ತು. ಮಗು ನನ್ನ ತೊಡೆಯ ಮೇಲಿತ್ತು, ನನ್ನ ಬೆರಳು ಹಿಡಿದಿತ್ತು.

ಮೊದಲು ಕಣ್ಣು ಒಂದು ಕಡೆಗೆ ಎಳೆಯಿತು. ಆಮೇಲೆ ಹಿಡಿದ ಕೈ ಬಿಗಿಯಾಗಿ ಅದುರತೊಡಗಿತು. ತುಟಿ ನೀಲಿಯಾಯಿತು. ನಾನು ಹೆಸರು ಹಿಡಿದು ಕೂಗಿದೆ, ನಿಜವಾದ ಹೆಸರು. ಅವಳಿಗೆ ಕೇಳಿಸಲಿಲ್ಲ. ಅತ್ತಿಗೆ ಬಂದವರೇ ಕೈಯಲ್ಲಿದ್ದುದನ್ನು ಬಿಸಾಕಿ, ಅವಳನ್ನು ಪಕ್ಕಕ್ಕೆ ಮಲಗಿಸಿ, ಕುತ್ತಿಗೆಯ ಗುಂಡಿ ಬಿಚ್ಚಿ, ಆಸ್ಪತ್ರೆಯವರು ಕೊಟ್ಟಿದ್ದ ತುರ್ತು ಔಷಧಿಯನ್ನು ಕೆನ್ನೆಯೊಳಗೆ ಹಾಕಿದರು. ನಾನು ಏನೂ ಮಾಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದೆ.

ಅದುರು ನಿಂತ ಮೇಲೆ ಕೇಳಿದೆ. "ದಿನಾ ಹೀಗೇನಾ?"

"ಸಿರಪ್ ಜಾಸ್ತಿ ಮಾಡಿದ್ಮೇಲೆ ದಿನಾ. ಮುಂಚೆ ಇಷ್ಟಿರ್ಲಿಲ್ಲ. ನಿಮ್ಮಣ್ಣನಿಗೆ ಹೇಳಿದೆ, ನಿಮ್ಮನ್ನ ಕೇಳು ಅಂದ್ರು. ನೀವು ಕಡಿಮೆ ಆಗಿದೆ ಅಂದ್ರಿ."

ನಾನು ಇದುವರೆಗೆ ಒಂದನ್ನೂ ನೋಡಿರಲಿಲ್ಲ.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಬಾಸ್ ಬರುವ ಮುಂಚೆ ಲ್ಯಾಬಿಗೆ ಹೋಗಿ ಬೇಕೆಂದೇ ಸಣ್ಣದನ್ನು ಹುಡುಕಿದೆ. ಸಿಕ್ಕಿದ್ದು ಈ ವರ್ಷದ ಅತ್ಯುತ್ತಮ ಸೀಲ್. ಔಷಧಿ ಇಲ್ಲದಾಗ ಅದು ಉಸಿರು ಬಿಡದೆ ಮಾತಾಡಿತು, ದಣಿಯಲಿಲ್ಲ. ಔಷಧಿ ಬಿಟ್ಟೆ. ತೊದಲಿತು, ನಿಂತಿತು. ತೊಳೆದೆ. ಮತ್ತೆ ಮಾತಾಡಿತು. ಸೀಲ್ ಕೆಟ್ಟಿರಲಿಲ್ಲ. ಯಾವತ್ತೂ ಕೆಟ್ಟಿರಲಿಲ್ಲವೇನೋ.

ಈ ಔಷಧಿಯ ಗುಣ ನನಗೆ ಗೊತ್ತಿದ್ದದ್ದೇ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಹೆಚ್ಚು ತೆರೆದು ಮುಚ್ಚುವ ಬಾಗಿಲಿಗೇ ಅದು ಹೆಚ್ಚು ಅಗುಳಿ ಹಾಕುತ್ತದೆ. ಎಲ್ಲರಿಗಿಂತ ಬೇಗ ಬೇಗ ಮಾತಾಡುವವು ಈ ಸಣ್ಣವು. ಇವು ಆಡುವ ಮಾತು ಒಂದೇ, ಸುಮ್ಮನಿರು. ಮೇಷ್ಟರ ಬಾಯಿಯನ್ನೇ ಮೊದಲು ಕಟ್ಟಿದರೆ ತರಗತಿ ಏನಾಗುತ್ತದೆ? ಬೇರೆ ಮಕ್ಕಳ ಮಿದುಳಿನಲ್ಲಿ ಬಾಗಿಲು ಬೇಕಾದಷ್ಟಿರುತ್ತವೆ, ಒಂದಿಷ್ಟು ಹೋದರೂ ನಡೆಯುತ್ತದೆ. ಒಂದು ಮಗುವಿಗೆ ಹುಟ್ಟಿನಿಂದಲೇ ಆ ಸಣ್ಣ ಕೋಶಗಳಲ್ಲಿ ಬಾಗಿಲು ಅರ್ಧಕ್ಕರ್ಧ ಕಡಿಮೆ ಇದ್ದರೆ?

ಹುಡುಕಿ ಓದಿದೆ. ಬಿಸಿನೀರು, ಜ್ವರ, ಒಂದೇ ಪಕ್ಕದ ಅದುರು, ಈ ವಯಸ್ಸು: ಬಾಗಿಲು ಕಡಿಮೆ ಇರುವ ಮಕ್ಕಳ ಲಕ್ಷಣ ಇವೇ. ಅಂಥ ಮಕ್ಕಳಿಗೆ ಸೋಡಿಯಂ ಬಾಗಿಲು ಮುಚ್ಚುವ ಔಷಧಿ ಕೊಡಬಾರದು ಎಂದು ಎಷ್ಟೋ ವರ್ಷಗಳಿಂದ ಬರೆದಿಟ್ಟಿದ್ದಾರೆ. ನಾನು ಬೆಟ್ಟ ಅಗೆದು ಹಿಡಿದ ಇಲಿ ಊರಿಗೆಲ್ಲ ಗೊತ್ತಿದ್ದ ಇಲಿ. ಡಾಕ್ಟರಿಗೂ ಗೊತ್ತಿದೆ, ಖಚಿತಪಡಿಸುವ ಜೀನ್ ವರದಿ ಮಾತ್ರ ಇನ್ನೂ ಬಂದಿಲ್ಲ. ಗೊತ್ತಿದ್ದುದರಿಂದಲೇ ಅವತ್ತು ಅವರು ಆ ಪ್ರಶ್ನೆ ಕೇಳಿದ್ದು. ಉತ್ತರ ಕೊಟ್ಟವಳು ನಾನು.

ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ಹೋಳನ್ನು ಹಾಗೇ ಬಿಟ್ಟು ಮನೆಗೆ ಓಡಿದೆ.

"ಹೊರಡಿ ಅತ್ತಿಗೆ" ಎಂದೆ. ಯಾಕೆ ಎಂದೂ ಕೇಳದೆ ಮಗುವನ್ನು ಸುತ್ತಿಕೊಂಡರು. ಟ್ಯಾಕ್ಸಿಯಲ್ಲಿ ಎಲ್ಲ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೈಯಬಾರದೇ ಎನ್ನಿಸಿತು. ಬೈಯಲಿಲ್ಲ.

ಡಾಕ್ಟರು ಚೀಲ ಹೆಗಲಿಗೇರಿಸಿ ಹೊರಟಿದ್ದರು. ನಾನು ದಾರಿಗಡ್ಡ ನಿಂತು, "ಡಾಕ್ಟ್ರೇ, ಇಲಿಯ ಮಿದುಳಿನ ಸಣ್ಣ ಕೋಶಗಳಲ್ಲಿ..." ಎಂದು ಶುರು ಮಾಡಿದೆ.

"ಇಲಿ ಆಮೇಲೆ. ಮಗು ಹೇಗಿದೆ?"

"ಹೋದ ಸಲ ನಾನು ಕಡಿಮೆ ಅಂದೆನಲ್ಲ, ನನಗೆ ಗೊತ್ತಿರ್ಲಿಲ್ಲ. ನೋಡೇ ಇರ್ಲಿಲ್ಲ. ಗೊತ್ತಿರೋದು ಇವರಿಗೆ."

ಡಾಕ್ಟರು ಚೀಲ ಇಳಿಸಿ ಕೂತರು. "ಹೇಳಮ್ಮ."

ಅತ್ತಿಗೆ ಹೇಳಿದರು. ಸಿರಪ್ ಕುಡಿದ ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತದೆ, ಪ್ರಮಾಣ ಹೆಚ್ಚಿದ ಮೇಲೆ ಏನಾಯಿತು, ಒಂದು ದಿನ ಸಿರಪ್ ವಾಂತಿಯಾಗಿ ಹೋದಾಗ ಆ ಮಧ್ಯಾಹ್ನ ಮಗು ಹೇಗೆ ಆಟವಾಡಿಕೊಂಡಿತ್ತು, ಎಲ್ಲವನ್ನೂ. ಇಷ್ಟು ಮಾತು ಅವರೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಕಿಸೆಯ ಗಿಲಕಿ ಕೂಡ ಅಲುಗಲಿಲ್ಲ.

ಮಗುವನ್ನು ಅಲ್ಲೇ ದಾಖಲು ಮಾಡಿಕೊಂಡರು. ಕಣ್ಣೆದುರಿಗೇ ಇಟ್ಟುಕೊಂಡು ಸಿರಪ್ ಬಿಡಿಸಿ, ಬೇರೆ ಔಷಧಿ ಶುರು ಮಾಡುತ್ತಾರಂತೆ. ಹೊಸದು ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಸುಮ್ಮನಿರು ಎಂಬ ಸುದ್ದಿಯನ್ನು ಹಿಡಿಯುವ ಗ್ರಾಹಕದ ಮೇಲೆ ಕೂತು ಆ ಮಾತಿಗೆ ಬಲ ಕೊಡುತ್ತದೆ. ಡಾಕ್ಟರು ಹೋಗುವಾಗ ನನ್ನ ಕಡೆ ತಿರುಗಿ, "ಈಗ ಇಲಿ ಹೇಳಿ" ಎಂದರು. ನಾನು ಏನೂ ಇಲ್ಲ ಎಂದೆ.

ಮಾರ್ಚ್ 21, ಶುಕ್ರವಾರ

ವಾರ್ಡಿನಲ್ಲಿ ಒಂದೇ ಕುರ್ಚಿ. ಒಬ್ಬರು ಕೂತರೆ ಒಬ್ಬರು ನಿಲ್ಲಬೇಕು. ಅತ್ತಿಗೆ ಬ್ರೆಡ್ಡನ್ನು ಎರಡು ಮಾಡಿ ದೊಡ್ಡದನ್ನು ನನಗೆ ಕೊಟ್ಟರು.

"ನಾನೂ ಅವತ್ತು ಬಾಯಿ ಬಿಡ್ಬೇಕಿತ್ತು. ನೀವು ಓದಿದವರು ಅಂತ..." ಎಂದರು.

"ಇಲಿ ಓದಿದವಳು" ಎಂದೆ.

ಮೊದಲ ಬಾರಿಗೆ ಅವರು ಜೋರಾಗಿ ನಕ್ಕಿದ್ದು ಕೇಳಿದೆ. ಹಲ್ಲು ಓರೆಯಾಗಿದೆ. ನರ್ಸು ಬಂದು ಇಬ್ಬರನ್ನೂ ಗದರಿದಳು.

ಮಾರ್ಚ್ 25, ಮಂಗಳವಾರ

ನಿನ್ನೆ ಫಿಟ್ಸ್ ಬರಲಿಲ್ಲ. ಇವತ್ತು ಬಂತು, ಚಿಕ್ಕದು, ತಾನೇ ನಿಂತಿತು.

ಏಪ್ರಿಲ್ 3, ಗುರುವಾರ

ಎಲ್ಲರೂ ಮನೆಯಲ್ಲಿದ್ದೇವೆ. ಲಿಫ್ಟ್ ಇನ್ನೂ ಕೆಟ್ಟಿದೆ. ಅವಳನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿದೆ, ತೂಕ ಹೆಚ್ಚಿದ್ದಾಳೆ.

ಜೀನ್ ವರದಿ ಬಂತು. ಸೋಡಿಯಂ ಬಾಗಿಲಿನ ಜೀನಿನಲ್ಲೇ ದೋಷ. ಇದು ಪೂರ್ತಿ ಹೋಗುವಂಥದ್ದಲ್ಲ, ಜ್ವರ ಬಂದಾಗಲೆಲ್ಲ ಎಚ್ಚರ ಬೇಕು, ಮುಂದೆ ಮಾತು ನಡಿಗೆ ತಡವಾಗಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಅಣ್ಣ ಫೋನಿನಲ್ಲಿ ಅತ್ತ. ಮಾತು ತಡವಾದರೆ ಆಗಲಿ, ಮನೆಯಲ್ಲಿ ಅದರ ಕೊರತೆ ತುಂಬಲು ನಾನಿದ್ದೇನೆ ಎಂದೆ. ಅಳುತ್ತಲೇ ನಕ್ಕ.

ಲ್ಯಾಬಿನಲ್ಲಿ ಬಾಸ್‌ಗೆ ಇನ್ನು ಮೇಲೆ ನಾನು ಸಣ್ಣವನ್ನೇ ಹಿಡಿಯುತ್ತೇನೆ ಎಂದು ತಿಳಿಸಿದೆ. "ಗಲಾಟೇಲಿ ಏನಿದೆ?" ಎಂದರು. "ಹತ್ರ ಹೋಗಿ ಕೇಳ್ಬೇಕು ಸರ್" ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ತ್ರಿಕೋನಾಚಾರ್ಯರಿಗೆ ತ್ರಿಕೋನ ಮುದ್ದು. ಮುಖ ಊದಿಸಿಕೊಂಡು ಹೋದರು.

ಅತ್ತಿಗೆ ಊರಿಗೆ ಹೊರಡುವ ಮಾತೆತ್ತಿದರು. ಆಸ್ಪತ್ರೆ ಇಲ್ಲೇ ಇರುವಾಗ ಹೋಗಿ ಏನು ಮಾಡುತ್ತೀರಿ ಎಂದು ಬೈದೆ. ಚೀಲಗಳನ್ನು ನಾನೇ ಬಿಚ್ಚಿ ಅಟ್ಟಕ್ಕೆ ಎಸೆದಿದ್ದೇನೆ. ಇಳಿಸಬೇಕೆಂದರೆ ಏಣಿ ಬೇಕು, ಏಣಿ ನಮ್ಮ ಮನೆಯಲ್ಲಿಲ್ಲ.

ಏಪ್ರಿಲ್ 13, ಭಾನುವಾರ

ಸ್ನಾನ. ಆ ಮೊದಲ ಫಿಟ್ಸ್ ಆದ ಮೇಲೆ ಅತ್ತಿಗೆ ಅವಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರೇ ಹೊರತು ನೀರಿಗೆ ಇಳಿಸಿರಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬಹುದು ಎಂದು ಡಾಕ್ಟರು ಹೇಳಿದ್ದರಿಂದ ಇವತ್ತು ನೀಲಿ ಟಬ್ಬು ಹೊರಗೆ ಬಂತು. ಲ್ಯಾಬಿನಿಂದ ಥರ್ಮಾಮೀಟರ್ ತಂದಿದ್ದೆ. ತುರ್ತು ಔಷಧಿ ಎಡಗಡೆ, ಫೋನ್ ಬಲಗಡೆ ಇಟ್ಟುಕೊಂಡೆ.

ಅತ್ತಿಗೆ ಮೊಣಕೈ ಅದ್ದಿ ನೋಡಿ ಅವಳನ್ನು ಇಳಿಸಿದರು. ನಾನು ಕಣ್ಣು ನೋಡಿದೆ, ಎಡಗೈ ನೋಡಿದೆ, ಎಡಗಾಲು ನೋಡಿದೆ. ನೋಡುತ್ತ ನೋಡುತ್ತ, ನೀರು ಸ್ವಲ್ಪ ಬಿಸಿಯಾಯಿತೇ, ತಣ್ಣೀರು ಬೆರೆಸಲೇ, ಕಣ್ಣು ಯಾಕೆ ಆ ಕಡೆ ತಿರುಗಿತು, ಕೈ ಯಾಕೆ ಮೇಲೆತ್ತಿದಳು, ಡಾಕ್ಟರಿಗೆ ಫೋನ್ ಮಾಡಲೇ ಎಂದು ಹೇಳುತ್ತಲೇ ಇದ್ದೆನಂತೆ.

ಅವಳು ಎತ್ತಿದ ಎಡಗೈಯನ್ನು ನೀರಿಗೆ ಬಡಿದಳು. ನೀರು ನನ್ನ ಮುಖಕ್ಕೆ ಹಾರಿತು. ಮತ್ತೆ ಬಡಿದಳು.

ಅತ್ತಿಗೆ ಒದ್ದೆ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟರು.

"ಸುಮ್ನಿರೇ. ಮಗು ಆಟ ಆಡ್ತಿದೆ."

ಸುಮ್ಮನಾದೆ.